ಉಳಿದವರು, ತುಳಿಸಿಕೊಂಡವರು

ತಿ. ನರಸೀಪುರದ ತಾಲ್ಲೂಕು ಕಚೇರಿ ಮುಂದೆ ತಮ್ಮನ ಹಾಸ್ಟೆಲ್ ಅರ್ಜಿಯನ್ನು ಓದಿ ಓದಿ ತುಂಬುತ್ತಿದ್ದೆವು. ಪಕ್ಕದಲ್ಲಿ ಕೂತಿದ್ದ ಅವ್ವ ಕೇಳಿದಳು: “ಹಿಂದುಳುದೋರು ಅಂದ್ರ ಯಾರ್ಲಾ ಮಗಾ? ತಾವಾಗೇ ಹಿಂದ ಉಳುದ್ರಾ, ಯಾರಾದ್ರೂ ತಳ್ಳುದ್ರಾ?” ಡಿಗ್ರಿ ಮಾಡಿದ ನಮಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಎರಡು ಇಂಗ್ಲಿಷ್ ಪದಗಳ ಚರಿತ್ರೆಯಲ್ಲಿದೆ: ‘ಬ್ಯಾಕ್‌ವರ್ಡ್’ ಮತ್ತು ‘ಡಿಪ್ರೆಸ್ಡ್’. ಬ್ಯಾಕ್‌ವರ್ಡ್ ಅಂದರೆ ಹಿಂದೆ ಉಳಿದವರು. ಯಾಕೆ ಉಳಿದರು ಅನ್ನುವುದನ್ನು ಆ ಪದ ಹೇಳುವುದಿಲ್ಲ. ಡಿಪ್ರೆಸ್ಡ್ ಅಂದರೆ ತುಳಿಸಿಕೊಂಡವರು. ತುಳಿಸಿಕೊಂಡವರಿದ್ದರೆ ತುಳಿದವರೂ ಇರಲೇಬೇಕಲ್ಲ!

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು. ಸರ್ಕಾರಿ ನೌಕರಿಯನ್ನು ತುಂಬಿಕೊಂಡಿದ್ದ ಬ್ರಾಹ್ಮಣರನ್ನು ಬಿಟ್ಟರೆ ಹೆಚ್ಚುಕಡಿಮೆ ಮಿಕ್ಕವರೆಲ್ಲ ‘ಬ್ಯಾಕ್‌ವರ್ಡ್’ ಆದರು. ಭೂಮಿ ಉಳ್ಳ ಗೌಡರೂ ಅದರೊಳಗೆ, ಅವರ ಹೊಲದಲ್ಲಿ ಜೀತಕ್ಕಿದ್ದವರೂ ಅದರೊಳಗೆ. ಅದು ದೊಡ್ಡ ಹೆಜ್ಜೆಯೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ನೌಕರಿ ಎಣಿಸುವ ಲೆಕ್ಕದಲ್ಲಿ ಕೆರೆಬಾವಿ ಮುಟ್ಟಬಾರದೆಂಬ ಕಟ್ಟಳೆ ಕಾಣುವುದು ಹೇಗೆ? ಅದಕ್ಕೇ ಆ ಗುಂಪಿನೊಳಗೇ ‘ಡಿಪ್ರೆಸ್ಡ್ ಕ್ಲಾಸ್’ ಎಂಬ ಬೇರೆ ಹೆಸರು ಬೇಕಾಯಿತು.

ಆ ಹೆಸರೂ ನಮ್ಮವರಿಗೆ ಹಿತವಾಗಿರಲಿಲ್ಲ. ಅದರಲ್ಲಿ ಕನಿಕರದ ವಾಸನೆ ಇತ್ತು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಸಲ್ಲಿಸಿದ ಮನವಿಯಲ್ಲಿ ಬಾಬಾಸಾಹೇಬರೂ ರೆಟ್ಟಮಲೈ ಶ್ರೀನಿವಾಸನ್ನರೂ ಅದನ್ನು ಬದಲಿಸಿ ಎಂದರು. 1935ರ ಕಾಯಿದೆ ‘ಷೆಡ್ಯೂಲ್ಡ್ ಕ್ಯಾಸ್ಟ್’ ಎಂದಿತು, ಅಂದರೆ ಪಟ್ಟಿಯಲ್ಲಿರುವ ಜಾತಿ. ಪಟ್ಟಿಯಿಂದ ಹಕ್ಕು ಬಂತು, ಸುಳ್ಳಲ್ಲ. ತುಳಿದವರ ಸುದ್ದಿ ಮಾತ್ರ ಹೆಸರಿನಿಂದ ಮಾಯವಾಯಿತು. 1970ರ ದಶಕದಲ್ಲಿ ಮುಂಬೈಯ ಪ್ಯಾಂಥರರೂ ಕರ್ನಾಟಕದ ದಲಿತ ಸಂಘರ್ಷ ಸಮಿತಿಯೂ ಎತ್ತಿಹಿಡಿದ ‘ದಲಿತ’ ಎಂಬ ಪದ ಆ ಸುದ್ದಿಯನ್ನು ಮರಳಿ ತಂದಿತು. ಈ ಸಲ ಕನಿಕರ ಬಿಟ್ಟು, ಸಿಟ್ಟು ಸೇರಿಸಿಕೊಂಡು.

1950ರ ಸಂವಿಧಾನ ಹಿಂದುಳಿದ ವರ್ಗ ಬೇರೆ, ಪರಿಶಿಷ್ಟ ಜಾತಿ ಬೇರೆ ಎಂದೇ ಬರೆದಿದೆ. ಅಸ್ಪೃಶ್ಯತೆಯನ್ನು 17ನೇ ವಿಧಿಯಲ್ಲಿ ಹೆಸರಿಟ್ಟೇ ರದ್ದು ಮಾಡಿದೆ. ಆದರೂ “ನಾವೂ ಹಿಂದುಳಿದವರೇ, ನೀವೂ ಹಿಂದುಳಿದವರೇ, ಏನ್ ವ್ಯತ್ಯಾಸ?” ಅನ್ನುವ ಮಾತು ಇವತ್ತೂ ಕಿವಿಗೆ ಬೀಳುತ್ತದೆ. ನಮ್ಮೂರ ಸಂಗಮದಲ್ಲಿ ಕಾವೇರಿ, ಕಪಿಲೆ ಬೆರೆತ ಮೇಲೆ ಯಾವ ನೀರು ಯಾವುದೆಂದು ಹೇಳಲಾಗದು. ಹೊಳೆ ಬೆರೆಯಲಿ, ಜನವೂ ಬೆರೆಯಲಿ. ಲೆಕ್ಕ ತೀರುವವರೆಗೆ ಈ ಎರಡು ಪದ ಬೆರೆಯಬಾರದು.

ಅವ್ವನಿಗೆ ಅವತ್ತು ಕೊಡಲಾಗದ ಉತ್ತರ ಈಗ ಕೊಡುತ್ತೇವೆ: “ನಾವು ಉಳುದಿದ್ದಲ್ಲ ಕಣವ್ವ, ತುಳುದ್ರು.”