ಉಕ್ಕಿನ ತುದಿಯಲ್ಲಿ ಕೆತ್ತಿದ ಕನ್ನಡ

ದಾವಣಗೆರೆಯ ವಿನೋಬನಗರದಲ್ಲಾಗಲಿ ಹರಿಹರದ ಪೇಟೆಯಲ್ಲಾಗಲಿ ಇಂದು ಲಗ್ನಪತ್ರಿಕೆ ಅಚ್ಚು ಹಾಕಿಸಲು ಹೋದವರು ಕಂಪ್ಯೂಟರಿನ ಮುಂದೆ ಕುಳಿತ ಹುಡುಗನಿಗೆ 'ಹೆಣ್ಣಿನ ಹೆಸರು ಇನ್ನೊಂಚೂರು ದಪ್ಪ ಬರಲಿ' ಎನ್ನುತ್ತಾರೆ. ಹುಡುಗ ಗುಂಡಿ ಒತ್ತುತ್ತಾನೆ, ಅಕ್ಷರ ದಪ್ಪಗಾಗುತ್ತದೆ. ಐವತ್ತು ವರ್ಷಗಳ ಹಿಂದೆ ಇದೇ ಮಾತು ಹೇಳಿದ್ದರೆ ಪ್ರೆಸ್ಸಿನ ಯಜಮಾನ ಗೋಡೆಗೆ ಒರಗಿಸಿದ್ದ ಮರದ ಕೇಸುಗಳನ್ನು ತೋರಿಸಿ, 'ಇರೋದು ಇಷ್ಟೇ ಸ್ವಾಮಿ, ಇದರಲ್ಲೇ ಆರಿಸ್ಕೊಳ್ಳಿ' ಎನ್ನುತ್ತಿದ್ದ. ಅವನ ಬಳಿ ಇದ್ದದ್ದು ಸೀಸದ ಮೊಳೆಗಳು. ಯಾವ ಅಳತೆಯ ಮೊಳೆ ಇದೆಯೋ ಆ ಅಳತೆಯ ಅಕ್ಷರ. ಅದಕ್ಕಿಂತ ದೊಡ್ಡದು, ಚಿಕ್ಕದು, ದಪ್ಪನೆಯದು ಬೇಕಾದರೆ ಎರಕದವರಿಂದ ತರಿಸಬೇಕು. ಎರಕದವರಲ್ಲೂ ಇಲ್ಲವಾದರೆ ಯಾರಾದರೊಬ್ಬ ಕಸುಬುದಾರ ಕಿಟಕಿಯ ಬೆಳಕಿನಲ್ಲಿ ಕುಳಿತು, ಬೆರಳುದ್ದದ ಉಕ್ಕಿನ ಕಡ್ಡಿಯ ತುದಿಯಲ್ಲಿ ಆ ಅಕ್ಷರವನ್ನು ಹೊಸದಾಗಿ ಕೆತ್ತಬೇಕಿತ್ತು.

ಆ ಉಕ್ಕಿನ ಕಡ್ಡಿಗೆ ಪಂಚ್ ಎಂದು ಹೆಸರು. ಕನ್ನಡ ಮುದ್ರಣದ ಚರಿತ್ರೆಯಲ್ಲಿ ಪಾದ್ರಿಗಳ ಹೆಸರಿದೆ, ಪಂಡಿತರ ಹೆಸರಿದೆ, ಪತ್ರಿಕೆಗಳ ಹೆಸರಿದೆ. ಪಂಚ್ ಕೆತ್ತಿದವರ ಹೆಸರುಗಳು ಬೆರಳೆಣಿಕೆಯಷ್ಟೂ ಸಿಗುವುದಿಲ್ಲ. ಆದರೆ ನಾವು ಓದುವ ಅಕ್ಷರದ ಮೈಕಟ್ಟು ಹೀಗಿರುವುದಕ್ಕೆ ಅವರ ಅರ ಮತ್ತು ಉಳಿಗಳೇ ಬಹುಮಟ್ಟಿಗೆ ಕಾರಣ.

ಕೆಲಸದ ಕ್ರಮ ಹೀಗೆ. ಮೊದಲು ಮೆದು ಉಕ್ಕಿನ ಚೌಕನೆಯ ಕಡ್ಡಿಯ ತುದಿಯನ್ನು ಕನ್ನಡಿಯಂತೆ ನಯಗೊಳಿಸುವುದು. ಅದರ ಮೇಲೆ ಅಕ್ಷರವನ್ನು ಎಡಬಲ ಅದಲುಬದಲಾಗಿ ಬರೆದುಕೊಳ್ಳುವುದು. ಅಕ್ಷರದ ಒಳಗಿನ ಖಾಲಿ ಜಾಗವನ್ನು, ಎಂದರೆ 'ರ'ದ ಹೊಟ್ಟೆಯಂಥದ್ದನ್ನು, ಇನ್ನೊಂದು ಸಣ್ಣ ಉಕ್ಕಿನ ಮೊನೆಯಿಂದ ಬಡಿದು ತಗ್ಗು ಮಾಡುವುದು. ಹೊರಗಿನ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ಇಳಿಸುವುದು. ಆಗಾಗ ದೀಪದ ಹೊಗೆಗೆ ಹಿಡಿದು, ಕಾಡಿಗೆ ಕಟ್ಟಿದ ತುದಿಯನ್ನು ಕಾಗದಕ್ಕೊತ್ತಿ ಅಕ್ಷರ ಹೇಗೆ ಮೂಡುತ್ತಿದೆಯೆಂದು ನೋಡುವುದು. ಹೆಚ್ಚಾಗಿ ಉಜ್ಜಿದರೆ ಮರಳಿ ಅಂಟಿಸುವಂತಿಲ್ಲ. ತುದಿಯನ್ನೇ ತೆಗೆದು ಮೊದಲಿನಿಂದ ಶುರು. ಮನಸ್ಸಿಗೆ ಒಪ್ಪಿದ ಮೇಲೆ ಕಡ್ಡಿಯನ್ನು ಕೆಂಪಗೆ ಕಾಯಿಸಿ ತಣಿಸಿ ಗಟ್ಟಿ ಮಾಡುವುದು, ತೀರಾ ಪೆಡಸಾಗಿ ಸಿಡಿಯದಂತೆ ಹದ ಕೊಡುವುದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಕಾಲವನ್ನು ಕಂಡ ಹರಿಹರದ ಹಿರಿಯರಿಗೆ ಉಕ್ಕಿನ ಹದ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹದಗೊಂಡ ಪಂಚನ್ನು ತಾಮ್ರದ ಸಣ್ಣ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ತಾಮ್ರದಲ್ಲಿ ಅಕ್ಷರದ ಗುಳಿ ಬೀಳುತ್ತದೆ. ಆ ತಾಮ್ರವನ್ನು ಅಚ್ಚಿನ ಪೆಟ್ಟಿಗೆಯ ತಳಕ್ಕೆ ಕೂರಿಸಿ, ಸೀಸ, ಆಂಟಿಮನಿ, ತವರಗಳ ಕರಗಿದ ಮಿಶ್ರಣ ಹೊಯ್ದರೆ ಮೊಳೆ ಸಿದ್ಧ. ಒಂದು ಪಂಚಿನಿಂದ ಹಲವು ತಾಮ್ರ, ಒಂದು ತಾಮ್ರದಿಂದ ಸಾವಿರಾರು ಮೊಳೆ. ಮೊಳೆ ಸವೆಯುತ್ತದೆ, ಮುರಿಯುತ್ತದೆ, ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಪಂಚ್ ಕಳೆದರೆ ಅಕ್ಷರವೇ ಹೋಯಿತು.

ಈ ಮಾತು ಎಷ್ಟು ನಿಜವೆಂಬುದನ್ನು 1812ರ ಮಾರ್ಚ್ 11ರ ಬೆಂಕಿ ತೋರಿಸಿಕೊಟ್ಟಿತು. ಅಂದು ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಮತ್ತು ಸಂಗಡಿಗರು ನಡೆಸುತ್ತಿದ್ದ ಮಿಷನ್ ಮುದ್ರಣಾಲಯ ಸುಟ್ಟುಹೋಯಿತು. ಕಾಗದ ಬೂದಿಯಾಯಿತು, ಹಸ್ತಪ್ರತಿಗಳು ಹೋದವು, ಹಲವು ಭಾಷೆಗಳ ಮೊಳೆಗಳು ಕರಗಿ ಸೀಸದ ಗಟ್ಟಿಯಾದವು. ಬೂದಿ ಕೆದಕಿದಾಗ ಉಕ್ಕಿನ ಪಂಚುಗಳೂ ತಾಮ್ರದ ಅಚ್ಚುಗಳೂ ಕೆಡದೆ ಸಿಕ್ಕವು. ಕರಗಿದ ಅದೇ ಸೀಸವನ್ನು ಬಳಸಿ ಎರಕ ಮತ್ತೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಮುದ್ರಣ ಹಳಿಗೆ ಬಂತು. ಪಂಚುಗಳೂ ಹೋಗಿದ್ದರೆ ವರ್ಷಗಳ ಶ್ರಮವನ್ನು ಹೊಸದಾಗಿ ಮಾಡಬೇಕಾಗುತ್ತಿತ್ತು.

ಶ್ರೀರಾಮಪುರದ ಆ ಪಂಚುಗಳ ಹಿಂದೆ ಒಂದು ಕಮ್ಮಾರ ಮನೆತನವಿತ್ತು. ಪಂಚಾನನ ಕರ್ಮಕಾರ ಅದರ ಹಿರಿಯ. ಕರ್ಮಕಾರ ಎಂದರೇ ಕಮ್ಮಾರ. 1778ರಲ್ಲಿ ಹೂಗ್ಲಿಯಲ್ಲಿ ಅಚ್ಚಾದ ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣಕ್ಕೆ ಚಾರ್ಲ್ಸ್ ವಿಲ್ಕಿನ್ಸ್ ಅಕ್ಷರ ಸಿದ್ಧಪಡಿಸಿದಾಗ ಅವನ ಕೈಕೆಳಗೆ ವಿದ್ಯೆ ಕಲಿತವನು ಪಂಚಾನನ. ಮುಂದೆ ಕೇರಿಯ ಬಳಿ ಸೇರಿ ತನ್ನ ಅಳಿಯ ಮನೋಹರನಿಗೂ ಅದೇ ಕಸುಬು ಕಲಿಸಿದ. ಪಂಚಾನನ ತೀರಿಕೊಂಡ ಮೇಲೆ ಮನೋಹರ ಸುಮಾರು ನಲವತ್ತು ವರ್ಷ ಆ ಕೆಲಸ ನಡೆಸಿದ. ಅವನು ಕ್ರೈಸ್ತನಾಗಲಿಲ್ಲ. ಬೈಬಲ್ಲಿನ ಅಕ್ಷರಗಳನ್ನು ತನ್ನ ಇಷ್ಟದೈವದ ಮೂರ್ತಿಯ ಮುಂದೆಯೇ ಕುಳಿತು ಕೆತ್ತುತ್ತಿದ್ದನೆಂದು ಕಂಡವರು ಬರೆದಿಟ್ಟಿದ್ದಾರೆ. ಪಾದ್ರಿಗಳಿಗೂ ಅದು ಅಡ್ಡಿಯೆನಿಸಿದಂತಿಲ್ಲ. ಕೆಲಸ ಅಷ್ಟು ಚೊಕ್ಕವಾಗಿತ್ತು!

ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದದ್ದು ಈ ಕಾರ್ಯಾಗಾರದಿಂದಲೇ. ಅಚ್ಚಾದ ಕನ್ನಡ ಪುಸ್ತಕಗಳ ಸಾಲು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಕನ್ನಡ ನಾಡಿಗೆ ಬಹುದೂರದ ಬಂಗಾಳದಲ್ಲಿ, ಕನ್ನಡ ಮನೆಮಾತಲ್ಲದ ಕೈಗಳು ಕನ್ನಡ ಅಕ್ಷರವನ್ನು ಉಕ್ಕಿನಲ್ಲಿ ಮೂಡಿಸಿದವು. ಅವುಗಳಲ್ಲಿ ಇಂದಿನ ಕಣ್ಣಿಗೆ ಎಡವುವಂಥವು ಇದ್ದರೆ ಆಶ್ಚರ್ಯವಿಲ್ಲ. ಕೇರಿಯ ತೆಲುಗು ವ್ಯಾಕರಣ ಅಲ್ಲೇ 1814ರಲ್ಲಿ ಅಚ್ಚಾಗಿತ್ತು; ಎರಡು ಲಿಪಿಗಳೂ ಒಂದೇ ಬಳ್ಳಿಯವು. ಅಂಚೆಲ್ಲಿ ತಿರುಗಬೇಕು, ತಲೆಕಟ್ಟು ಎಷ್ಟು ಬಾಗಬೇಕು ಎಂಬುದನ್ನು ಓದುವ ಕಣ್ಣು ಹೇಳಬೇಕೇ ಹೊರತು ಕೆತ್ತುವ ಕೈ ಒಂದೇ ಹೇಳಲಾರದು.

ಇಲ್ಲಿಂದಾಚೆಗೆ ಪಂಚಿನ ಸುಧಾರಣೆಯ ಕಥೆ. ಅದು ಮೂರು ತೊಡಕುಗಳ ಸುತ್ತ ತಿರುಗುತ್ತದೆ: ಅಕ್ಷರಗಳ ಸಂಖ್ಯೆ, ಅಕ್ಷರದ ಗಾತ್ರ, ಅಕ್ಷರದ ಸ್ಪಷ್ಟತೆ.

ಇಂಗ್ಲಿಷಿನ 26 ಅಕ್ಷರಗಳಿಗೆ ದೊಡ್ಡದು ಚಿಕ್ಕದು ಸೇರಿ 52 ಪಂಚ್ ಸಾಕು. ಅಂಕಿ, ಚಿಹ್ನೆಗಳು ಮೇಲೆ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿ ಪ್ರತಿಯೊಂದು ಗುಣಿತಾಕ್ಷರಕ್ಕೂ ಒಂದೊಂದು ಪಂಚ್ ಎಂದರೆ 442 ಆಯಿತು. ಒತ್ತಕ್ಷರಗಳ ಲೆಕ್ಕ ಹಿಡಿದರೆ 34ನ್ನು 34ರಿಂದ ಗುಣಿಸಿ 1156. ಅಷ್ಟೂ ಬಳಕೆಯಲ್ಲಿಲ್ಲ, ನಿಜ. ಆದರೂ ಯಾವ ಮುದ್ರಣಾಲಯದ ಬೊಕ್ಕಸವೂ ತಡೆಯುವ ಲೆಕ್ಕ ಇದಲ್ಲ. ಇದೆಲ್ಲ ಒಂದು ಅಳತೆಗೆ ಮಾತ್ರ; ಅಳತೆ ಬದಲಾದರೆ ಎಲ್ಲ ಪಂಚುಗಳೂ ಹೊಸದೇ.

ಪರಿಹಾರ ಸಿಕ್ಕಿದ್ದು ಅಕ್ಷರವನ್ನು ತುಂಡು ಮಾಡುವುದರಲ್ಲಿ. 'ಕೀ' ಎಂಬುದಕ್ಕೆ ಬೇರೆ ಪಂಚ್ ಏಕೆ? 'ಕಿ' ಇದೆ, ದೀರ್ಘದ ಕೊಂಡಿ ಒಂದನ್ನು ಬೇರೆ ಮೊಳೆಯಾಗಿ ಎರಕ ಹೊಯ್ದಿಟ್ಟರೆ ಎಲ್ಲ ವ್ಯಂಜನಗಳಿಗೂ ಅದೇ ಸಾಕು. 'ಕೋ' ಎಂದರೆ 'ಕೆ', ಅದರ ಮುಂದೆ ಕೊಂಬಿನ ಗುರುತು, ಅದರ ಮುಂದೆ ದೀರ್ಘ. ಮೂರು ಮೊಳೆ ಜೋಡಿಸಿದರೆ ಒಂದು ಅಕ್ಷರ. ಆದರೆ 'ಕಿ'ಯನ್ನು ಹೀಗೆ ಒಡೆಯುವುದು ಸುಲಭವಲ್ಲ. ಗುಡಿಸು ವ್ಯಂಜನದ ತಲೆಗೇ ಬೆಸೆದುಕೊಂಡು ಒಂದೇ ಗೆರೆಯಾಗುತ್ತದೆ. ಆದ್ದರಿಂದ ಕಿ, ಗಿ, ತಿ, ನಿಗಳಿಗೆ ತಮ್ಮದೇ ಪಂಚ್ ಬೇಕು. ಎಲ್ಲಿ ಒಡೆಯಬೇಕು, ಎಲ್ಲಿ ಇಡಿಯಾಗಿ ಬಿಡಬೇಕು ಎಂಬ ವಿವೇಕವೇ ಈ ಕಸುಬಿನ ಅರ್ಧ ಭಾಗ. ಒಡೆದಷ್ಟೂ ಪಂಚ್ ಕಡಿಮೆಯಾಗುತ್ತದೆ, ಆದರೆ ಮೊಳೆ ಜೋಡಿಸುವವನ ಕೆಲಸ ಹೆಚ್ಚುತ್ತದೆ. ಸಂದುಗಳಲ್ಲಿ ಬಿರುಕು ಕಂಡು ಅಕ್ಷರ ತೇಪೆ ಹಾಕಿದಂತೆ ತೋರುತ್ತದೆ.

ಒತ್ತಕ್ಷರದ ಕಾಟ ಇನ್ನೊಂದು ಬಗೆಯದು. ಅದು ಸಾಲಿನ ಕೆಳಗೆ ಇಳಿಯುತ್ತದೆ. 'ರಾಷ್ಟ್ರ' ಎಂಬ ಪದದಲ್ಲಿ ಒಂದಲ್ಲ, ಎರಡು ಒತ್ತು. ಅವುಗಳಿಗೆ ಜಾಗ ಬಿಡಬೇಕಾದ್ದರಿಂದ ಒತ್ತಿಲ್ಲದ ಅಕ್ಷರವೂ ದೊಡ್ಡ ಮೈಯ ಮೊಳೆಯ ಮೇಲೆ ಕೂರಬೇಕು. ಸಾಲು ಸಾಲಿನ ನಡುವೆ ಹೊಲದ ಬದುವಿನಷ್ಟು ಬಿಳಿ ಜಾಗ ಉಳಿಯುತ್ತದೆ. ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಕಾಗದ ಬೇಕಾಗುತ್ತಿತ್ತು. ಕಾಗದ ದುಬಾರಿಯಾಗಿದ್ದ ಕಾಲ. ಅಕ್ಷರವನ್ನು ಚಿಕ್ಕದಾಗಿ ಕೆತ್ತುವುದು ಕೇವಲ ಕೈಚಳಕದ ಪ್ರದರ್ಶನವಾಗಿರಲಿಲ್ಲ. ಪುಸ್ತಕದ ಬೆಲೆ ಇಳಿಸುವ ದಾರಿಯೂ ಅದೇ ಆಗಿತ್ತು. ಚಿಕ್ಕ ಅಕ್ಷರವಿಲ್ಲದೆ ಅಗ್ಗದ ಪಠ್ಯಪುಸ್ತಕವೂ ಇಲ್ಲ, ನಿಘಂಟೂ ಇಲ್ಲ.

ಚಿಕ್ಕದು ಮಾಡಿದಾಗ ಮೂರನೆಯ ತೊಡಕು ಎದುರಾಗುತ್ತದೆ. ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಹಲವೆಡೆ ಅಡಿಯ ಒಂದು ಪುಟ್ಟ ಗೀಟಿನ ಮೇಲೆ ನಿಂತಿದೆ. 'ದ'ಕ್ಕೂ 'ಧ'ಕ್ಕೂ ಇರುವ ಅಂತರ ಅಷ್ಟೇ. ಆ ಗೀಟು ಸವೆದರೆ ಲಗ್ನಪತ್ರಿಕೆಯಲ್ಲಿ ಧನಲಕ್ಷ್ಮಿ ದನಲಕ್ಷ್ಮಿಯಾಗುತ್ತಾಳೆ. ಬೀಗರ ಮನೆಯಲ್ಲಿ ಆಮೇಲೆ ಏನಾಗುತ್ತದೆಂಬುದನ್ನು ಹೇಳುವುದು ಬೇಡ. ಹಾಗೆಯೇ 'ಠ'ದ ಹೊಟ್ಟೆಯ ಚುಕ್ಕೆ: ಮಸಿ ಹೆಚ್ಚಾದರೆ ಹೊಟ್ಟೆಯೇ ಮುಚ್ಚಿಹೋಗುತ್ತದೆ. ಒಳ್ಳೆಯ ಪಂಚ್ ಕೆತ್ತುವವನು ಇದನ್ನೆಲ್ಲ ಮೊದಲೇ ಊಹಿಸಬೇಕು. ಹೊಟ್ಟೆಯನ್ನು ಬರವಣಿಗೆಯಲ್ಲಿ ಇರುವುದಕ್ಕಿಂತ ತುಸು ಅಗಲ ಬಿಡಬೇಕು. ಗೀಟನ್ನು ತುಸು ದಪ್ಪ ಮಾಡಬೇಕು. ತಗ್ಗನ್ನು ಆಳವಾಗಿ ಇಳಿಸಬೇಕು. ಓಲೆಗರಿಯ ಕಂಟದಲ್ಲಿ ಒಂದೇ ದಪ್ಪಕ್ಕೆ ಓಡುತ್ತಿದ್ದ ಗೆರೆ, ಅಚ್ಚಿನಲ್ಲಿ ಎಲ್ಲೋ ತೆಳುವಾಗಿ ಎಲ್ಲೋ ದಪ್ಪವಾಗಿ ಮೈತುಂಬಿಕೊಂಡದ್ದು ಉಕ್ಕಿನ ಮೇಲೆ ನಡೆದ ಇಂಥ ತಿದ್ದುಪಡಿಗಳ ನಡುವೆಯೇ.

ಶ್ರೀರಾಮಪುರದ ನಂತರ ಕನ್ನಡ ಮುದ್ರಣ ದಕ್ಷಿಣಕ್ಕೆ ಇಳಿಯಿತು. ಮ್ಯಾಕೆರೆಲ್‌ನ ಕನ್ನಡ ವ್ಯಾಕರಣ 1820ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ರೀವ್‌ನ ನಿಘಂಟುಗಳೂ 1824 ಮತ್ತು 1832ರಲ್ಲಿ ಅಲ್ಲಿಯೇ ಬಂದವು. ಬೆಂಗಳೂರಿನಲ್ಲಿ ವೆಸ್ಲಿಯನ್ ಮಿಷನ್ 1840ರಲ್ಲಿ ಮುದ್ರಣಾಲಯ ತೆರೆಯಿತು.

ಮಂಗಳೂರಿನ ಬಾಸೆಲ್ ಮಿಷನ್ನಿನವರು ಮೊದಲು ಮೊಳೆಯ ತಂಟೆಗೇ ಹೋಗಲಿಲ್ಲ. 1841ರಲ್ಲಿ ಅವರು ಶುರು ಮಾಡಿದ್ದು ಕಲ್ಲಚ್ಚು. ಎಣ್ಣೆಮಸಿಯಲ್ಲಿ ಕೈಯಿಂದ ಬರೆದದ್ದನ್ನು ಕಲ್ಲಿನಿಂದ ಕಾಗದಕ್ಕೆ ಇಳಿಸುವ ವಿದ್ಯೆ ಅದು. 1843ರ ಜುಲೈ 1ರಂದು ಹೊರಟ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನ ಕೂಸು. ಕಲ್ಲಚ್ಚಿಗೆ ಪಂಚ್ ಬೇಡ, ಮೊಳೆ ಬೇಡ, ಒತ್ತಕ್ಷರದ ಹೆದರಿಕೆಯೂ ಇಲ್ಲ. ಬರೆಯುವವನ ಕೈ ಚೆನ್ನಾಗಿದ್ದರೆ ಸಾಕು. ಆದರೆ ತೀರಾ ಚಿಕ್ಕದಾಗಿ ಬರೆಯುವಂತಿಲ್ಲ, ಒಂದು ಪದ ತಪ್ಪಿದರೆ ತಿದ್ದುವುದು ಕಷ್ಟ, ಪುಸ್ತಕ ಮತ್ತೆ ಬೇಕಾದರೆ ಮತ್ತೆ ಬರೆಯಬೇಕು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರೂ ಮೊಳೆಗೆ ಮರಳಿದರು. 1851ರ ಸುಮಾರಿಗೆ ಯೂರೋಪಿನಿಂದ ಬಂದ ಗಿಯಾರ್ಗ್ ಪ್ಲೆಬ್‌ಸ್ಟ್ ಎಂಬ ಯಂತ್ರಕುಶಲಿ ಆ ಕೆಲಸವನ್ನು ನಿಲ್ಲಿಸಿದ. ಇದೇ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಮೊದಲ ಹೆಂಚಿನ ಕಾರ್ಖಾನೆಯನ್ನೂ ಹೂಡಿದವನು. ಅಚ್ಚು ಹಾಕುವುದರಲ್ಲಿ ಅವನಿಗೆ ಸೀಸವಾದರೇನು, ಜೇಡಿಯಾದರೇನು!

ಕಿಟ್ಟೆಲ್ ಸಂಪಾದಿಸಿದ ಕೇಶಿರಾಜನ ಶಬ್ದಮಣಿದರ್ಪಣ 1872ರಲ್ಲೂ ಅವರ ಮಹಾನಿಘಂಟು 1894ರಲ್ಲೂ ಮಂಗಳೂರಿನಿಂದ ಹೊರಬಂದವು. ನಿಘಂಟಿನ ಪುಟಗಳು ಸಾವಿರದ ಏಳುನೂರಕ್ಕೂ ಮಿಕ್ಕು. ಒಂದೊಂದು ಪುಟದಲ್ಲಿ ಎರಡು ಅಂಕಣ, ಕನ್ನಡ ಅಕ್ಷರದ ಪಕ್ಕಕ್ಕೆ ರೋಮನ್ ಅಕ್ಷರ. ಜನರ ಬಾಯಿಂದ ಶತಮಾನಗಳ ಹಿಂದೆಯೇ ಜಾರಿಹೋಗಿದ್ದ ಱ ಮತ್ತು ೞಗಳೂ ಅಲ್ಲಿವೆ. ಅವಕ್ಕೂ ಅಚ್ಚು ಬೇಕಲ್ಲ? ಸತ್ತ ಅಕ್ಷರಗಳಿಗೂ ಉಕ್ಕು ಉಜ್ಜಬೇಕಾಯಿತು. ಕಿಟ್ಟೆಲ್‌ರ ಪಾಂಡಿತ್ಯವನ್ನು ಹೊಗಳದವರಿಲ್ಲ, ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅಷ್ಟು ಸಣ್ಣ ಅಕ್ಷರ ಅಷ್ಟು ಪುಟಗಳುದ್ದಕ್ಕೆ ಓದಲು ಬರುವಂತಿರುವುದರಲ್ಲಿ ಇನ್ನಾರದೋ ಪಾಲೂ ಇದೆ.

ಮುಂಬಯಿಯಲ್ಲಿ ನಡೆದದ್ದನ್ನು ಇದಕ್ಕೆ ಹೋಲಿಸಬಹುದು. ಅಲ್ಲಿ ಜಾವಜಿ ದಾದಾಜಿಯವರ ನಿರ್ಣಯಸಾಗರ ಮುದ್ರಣಾಲಯದ ದೇವನಾಗರಿ ಅಕ್ಷರಗಳು ನಮ್ಮ ಸಂಸ್ಕೃತ ವಿದ್ವಾಂಸರಿಗೂ ಚಿರಪರಿಚಿತ. ಆ ಅಕ್ಷರಗಳ ಪಂಚ್ ಕೆತ್ತಿದ ರಾಣೋಜಿ ರಾವಜಿ ಆರು ಎಂಬವರ ಹೆಸರನ್ನು ಮರಾಠಿಗರು ಜಾವಜಿಯವರ ಹೆಸರಿನ ಜೊತೆಗೇ ಉಳಿಸಿಕೊಂಡಿದ್ದಾರೆ. ಕನ್ನಡದಲ್ಲಿ ಹಾಗೆ ನೆನಪಾಗುವ ಹೆಸರು ಅತ್ತಾವರ ಅನಂತಾಚಾರಿಯವರದು. ಅತ್ತಾವರ ಮಂಗಳೂರಿನ ಒಂದು ಭಾಗ. ಆಚಾರಿ ಎಂಬುದರಲ್ಲಿ ಕುಲಕಸುಬಿನ ಗುರುತಿದೆ. ಕನ್ನಡ ಮೊಳೆಗಳ ರೂಪ ತಿದ್ದಿದವರಲ್ಲಿ ಅವರಿಗೆ ಮುದ್ರಣದ ಜನ ದೊಡ್ಡ ಸ್ಥಾನ ಕೊಡುತ್ತಾರೆ. ಕನ್ನಡ ಶಾಲೆಯ ಮಕ್ಕಳಿಗೆ ಕಿಟ್ಟೆಲ್ ಗೊತ್ತು. ಅನಂತಾಚಾರಿ ಎಂದರೆ ಯಾರೆಂದು ಹೇಳಬಲ್ಲ ಮೇಷ್ಟರು ಎಷ್ಟು ಮಂದಿ?

ಕೈಯಿಂದ ಪಂಚ್ ಕೆತ್ತುವ ಕಾಲ ಒಮ್ಮೆಗೇ ಮುಗಿಯಲಿಲ್ಲ. 1880ರ ದಶಕದಲ್ಲಿ ಅಮೆರಿಕದ ಲಿನ್ ಬಾಯ್ಡ್ ಬೆಂಟನ್ ಪಂಚ್ ಕೊರೆಯುವ ಯಂತ್ರವನ್ನು ರೂಪಿಸಿದ. ದೊಡ್ಡದಾಗಿ ಮಾಡಿಟ್ಟ ಮಾದರಿಯ ಅಂಚಿನ ಮೇಲೆ ಒಂದು ಮೊನೆಯನ್ನು ಓಡಿಸಿದರೆ, ಇನ್ನೊಂದು ತುದಿಯಲ್ಲಿ ಅದೇ ಆಕಾರ ಚಿಕ್ಕದಾಗಿ ಲೋಹದಲ್ಲಿ ಕೊರೆಯಲ್ಪಡುತ್ತದೆ. ಲೈನೊ, ಮೊನೊ ಯಂತ್ರಗಳ ಯುಗಕ್ಕೆ ಇದೇ ಬಾಗಿಲು. ಅಲ್ಲಿ ಅಕ್ಷರ ಬಿಡಿಸುವವನು ಬೇರೆ, ಲೋಹ ಮುಟ್ಟುವವನು ಬೇರೆ. ಒಂದೇ ಕಣ್ಣು ಒಂದೇ ಕೈ ನೋಡಿಕೊಳ್ಳುತ್ತಿದ್ದ ಕೆಲಸ ಹಂಚಿಹೋಯಿತು. ಸಣ್ಣ ಊರುಗಳ ಪ್ರೆಸ್ಸುಗಳು ಮಾತ್ರ ಕೈಮೊಳೆಯನ್ನೇ ನಂಬಿ ಕಳೆದ ಶತಮಾನದ ಕೊನೆಯವರೆಗೂ ನಡೆದವು. ಕಂಪ್ಯೂಟರ್ ಬಂದಾಗ ಮೊಳೆಗಳು ಸೀಸದ ತೂಕಕ್ಕೆ ಗುಜರಿಗೆ ಹೋದವು. ಬೆಂಕಿಗೂ ಜಗ್ಗದ ಪಂಚುಗಳಿಗೆ ಗುಜರಿಯಲ್ಲಿ ಸೀಸದಷ್ಟೂ ಬೆಲೆಯಿಲ್ಲ. ಅವು ಬರಿಯ ಉಕ್ಕಿನ ಚೂರು.

ಅಕ್ಷರವನ್ನು ತುಂಡು ಮಾಡುವ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ 'ಕಿ' ಒಂದೇ ಇಡೀ ತುಂಡು. 'ಕೀ' ಆಗಬೇಕಾದರೆ ಮುಂದೆ ದೀರ್ಘದ ಕೊಂಡಿಯನ್ನು ಜೋಡಿಸಬೇಕು. ಇಂದು ಮೊಬೈಲುಗಳಲ್ಲಿ ಕನ್ನಡವನ್ನು ಸಾಗಿಸುವ ಯೂನಿಕೋಡ್ ಪಟ್ಟಿಯಲ್ಲಿ ಆ ಕೊಂಡಿಗೆ ತನ್ನದೇ ಆದ ಒಂದು ಸಂಖ್ಯೆ ಇದೆ. 'ಕೋ' ಎಂಬಲ್ಲಿನ ಓಕಾರವನ್ನು ಆ ಪಟ್ಟಿಯ ನಿಯಮದಂತೆ ಬಿಡಿಸಿದರೆ ದೊರೆಯುವುದು ಮೂರು ತುಂಡು: ಎಕಾರದ ಗುರುತು, ಕೊಂಬಿನ ಗುರುತು, ಕೊನೆಗೆ ದೀರ್ಘ.