ಕಹಾಲ್‌ನ ಅಂತರಾಳ ಕೋಶಗಳು

ಕಹಾಲ್‌ನ ಅಂತರಾಳ ಕೋಶಗಳು ಜಠರ ಮತ್ತು ಕರುಳುಗಳ ಭಿತ್ತಿಯಲ್ಲಿ, ಸ್ನಾಯು ಪದರಗಳ ನಡುವಣ ಎಡೆಗಳಲ್ಲಿಯೂ ಸ್ನಾಯುಕೋಶಗಳ ನಡುವೆಯೂ ನೆಲೆಸಿರುವ ವಿಶಿಷ್ಟ ಜೀವಕೋಶಗಳು. ಹೃದಯದ ಬಡಿತಕ್ಕೆ ಅದರದೇ ಗತಿನಿಯಂತ್ರಕವಿರುವಂತೆ, ಜೀರ್ಣಾಂಗಗಳ ಲಯಬದ್ಧ ಚಲನೆಗೆ ಈ ಕೋಶಗಳು ಗತಿನಿಯಂತ್ರಕಗಳಾಗಿವೆ.

ಇತಿಹಾಸ

ಸ್ಪೇನ್ ದೇಶದ ಅಂಗಾಂಶ ವಿಜ್ಞಾನಿ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್ 19ನೆಯ ಶತಮಾನದ ಕೊನೆಯಲ್ಲಿ ಇವುಗಳನ್ನು ವರ್ಣಿಸಿದನು. ನರಮಂಡಲದ ರಚನೆಯ ಅಧ್ಯಯನಕ್ಕಾಗಿ ಆತನಿಗೆ 1906ರಲ್ಲಿ ಕಮಿಲೊ ಗಾಲ್ಜಿಯೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಕೋಶಗಳನ್ನು ಕಹಾಲ್ ಸರಳ ರೂಪದ ನರಕೋಶಗಳೆಂದು ಭಾವಿಸಿದ್ದನು. ಆದರೆ ಇವು ನರ ಮೂಲದವಲ್ಲ. ಸ್ನಾಯುಕೋಶಗಳಂತೆ ಭ್ರೂಣದ ಮಧ್ಯಪದರದಿಂದ ಹುಟ್ಟುತ್ತವೆಂದು ನಂತರ ಸ್ಪಷ್ಟವಾಯಿತು.

ರಚನೆ ಮತ್ತು ಕಾರ್ಯ

ಉದ್ದವಾದ ಕವಲುಗಳುಳ್ಳ ಈ ಕೋಶಗಳು ಒಂದಕ್ಕೊಂದು ಹೆಣೆದುಕೊಂಡು ಜಾಲವಾಗುತ್ತವೆ. ಉದ್ದ ಸ್ನಾಯು ಪದರ ಮತ್ತು ವೃತ್ತಾಕಾರದ ಸ್ನಾಯು ಪದರಗಳ ನಡುವಿನ ನರಜಾಲದ ಸುತ್ತ ಇವು ಹೇರಳವಾಗಿವೆ. ಇವುಗಳಲ್ಲಿ ತಾವಾಗಿಯೇ ಹುಟ್ಟುವ 'ಮಂದ ಅಲೆ'ಗಳೆಂಬ ವಿದ್ಯುತ್ ಏರಿಳಿತಗಳು ಪಕ್ಕದ ಸ್ನಾಯುಕೋಶಗಳಿಗೆ ಹರಡುತ್ತವೆ. ಮಾನವನ ಜಠರದಲ್ಲಿ ನಿಮಿಷಕ್ಕೆ ಸುಮಾರು 3, ಸಣ್ಣ ಕರುಳಿನ ಆರಂಭ ಭಾಗದಲ್ಲಿ ಸುಮಾರು 12 ಅಲೆಗಳು ಉಂಟಾಗುತ್ತವೆ. ಪ್ರತಿ ಅಲೆಯೂ ಬಲವಾದ ಸಂಕೋಚನವನ್ನು ಉಂಟುಮಾಡುವುದಿಲ್ಲ. ಅಲೆಯು ಸಂಕೋಚನದ ವೇಳೆಯನ್ನು ನಿಗದಿಪಡಿಸಿದರೆ, ಅದರ ಬಲವನ್ನು ನರಗಳ ಮತ್ತು ಹಾರ್ಮೋನುಗಳ ಸಂಕೇತಗಳು ನಿರ್ಧರಿಸುತ್ತವೆ. ನರಗಳ ಸಂಕೇತವನ್ನು ಸ್ನಾಯುವಿಗೆ ತಲುಪಿಸುವಲ್ಲಿಯೂ ಈ ಕೋಶಗಳ ಪಾತ್ರವಿದೆ.

ಈ ಕೋಶಗಳ ಬೆಳವಣಿಗೆಗೆ ಅವುಗಳ ಹೊರಪೊರೆಯಲ್ಲಿರುವ 'ಕಿಟ್' ಎಂಬ ಗ್ರಾಹಕ ಪ್ರೋಟೀನು ಅತ್ಯಗತ್ಯ. ಈ ಪ್ರೋಟೀನು ದೋಷಪೂರಿತವಾಗಿರುವ ಕೆಲವು ತಳಿಯ ಇಲಿಗಳ ಸಣ್ಣ ಕರುಳಿನಲ್ಲಿ ನರಜಾಲದ ಸುತ್ತಲಿನ ಅಂತರಾಳ ಕೋಶಗಳೂ ಇಲ್ಲ, ಮಂದ ಅಲೆಗಳೂ ಇಲ್ಲ. ಅಲೆಗಳ ಮೂಲ ಈ ಕೋಶಗಳೇ ಎಂಬುದಕ್ಕೆ ಇದು ಮುಖ್ಯ ಆಧಾರವಾಯಿತು.

ವೈದ್ಯಕೀಯ ಮಹತ್ವ

ದೀರ್ಘಕಾಲದ ಮಧುಮೇಹದಲ್ಲಿ ಈ ಕೋಶಗಳು ಕ್ಷೀಣಿಸಬಹುದು. ಆಗ ಜಠರವು ಆಹಾರವನ್ನು ನಿಧಾನವಾಗಿ ಹೊರದೂಡುವುದರಿಂದ ವಾಕರಿಕೆ, ವಾಂತಿ ಮತ್ತು ಬೇಗನೆ ಹೊಟ್ಟೆ ತುಂಬಿದ ಭಾವನೆ ಕಾಣಿಸಿಕೊಳ್ಳುತ್ತವೆ.

ಜಠರ ಮತ್ತು ಕರುಳಿನ 'ಜಿಸ್ಟ್' ಎಂಬ ಗೆಡ್ಡೆಗಳು ಈ ಕೋಶಗಳಿಂದ ಅಥವಾ ಇವುಗಳ ಪೂರ್ವಜ ಕೋಶಗಳಿಂದ ಹುಟ್ಟುತ್ತವೆಂದು ತಿಳಿಯಲಾಗಿದೆ. ಇಂತಹ ಬಹುಪಾಲು ಗೆಡ್ಡೆಗಳಲ್ಲಿ ಕಿಟ್ ಜೀನ್ ರೂಪಾಂತರಗೊಂಡು, ಕೋಶ ವಿಭಜನೆಯ ಸಂಕೇತವನ್ನು ಎಡೆಬಿಡದೆ ನೀಡುತ್ತಿರುತ್ತದೆ. ಇದು 1998ರಲ್ಲಿ ಪತ್ತೆಯಾಯಿತು. ಸಾಂಪ್ರದಾಯಿಕ ಕೀಮೋಥೆರಪಿಗೆ ಬಹುಮಟ್ಟಿಗೆ ಜಗ್ಗದಿದ್ದ ಈ ರೋಗಕ್ಕೆ, ಕಿಟ್ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಔಷಧವನ್ನು ಅಮೆರಿಕದಲ್ಲಿ 2002ರಲ್ಲಿ ಅನುಮೋದಿಸಲಾಯಿತು. ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಗದ ಅಥವಾ ಹರಡಿದ ಗೆಡ್ಡೆಗಳಿದ್ದ ಅನೇಕರ ಆಯುಷ್ಯ ಇದರಿಂದ ವರ್ಷಗಳ ಮಟ್ಟಿಗೆ ಹೆಚ್ಚಿದೆ.