ವಿಪತ್ತು ಪರಿಹಾರದಲ್ಲಿ ವೈದ್ಯಸೇವೆ: ಹೈದರಾಬಾದ್

ನೆರೆ, ಚಂಡಮಾರುತ, ಸಾಂಕ್ರಾಮಿಕ ರೋಗಗಳ ಹೊತ್ತಿನಲ್ಲಿ ವೈದ್ಯರು ಸ್ವಇಚ್ಛೆಯಿಂದ ಸಲ್ಲಿಸುವ ಚಿಕಿತ್ಸೆ ಹಾಗೂ ರೋಗತಡೆಯ ಸೇವೆ. ಗಾಯಾಳುಗಳ ಆರೈಕೆಯಷ್ಟೇ ಶುದ್ಧ ನೀರು, ಶೌಚ ವ್ಯವಸ್ಥೆ, ಲಸಿಕೆಗಳೂ ಇದರ ಭಾಗ. ಹೈದರಾಬಾದಿನಲ್ಲಿ ಇದರ ಇತಿಹಾಸ ಮೂಸಿ ನದಿಯೊಂದಿಗೆ ಹೆಣೆದುಕೊಂಡಿದೆ.

1908ರ ಪ್ರವಾಹ

ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಆಳ್ವಿಕೆಯಲ್ಲಿ, 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿಯಿತು. ಸುಮಾರು 15,000 ಜನ ಸತ್ತರೆಂಬ ಅಂದಾಜಿದೆ. ನಗರಕ್ಕೆ ಆಸರೆಯಾಗಬೇಕಿದ್ದ ಅಫ್ಜಲ್‌ಗಂಜ್ ಆಸ್ಪತ್ರೆಯೇ ನಾಶವಾಯಿತು. ಅಲ್ಲಿನ ಹುಣಸೆ ಮರವೇರಿ ಸುಮಾರು 150 ಮಂದಿ ಬದುಕಿದರು. ಪರಿಹಾರಕ್ಕೆ ಮುಂದಾದವರಲ್ಲಿ ವೈದ್ಯ ಗೋವಿಂದರಾಜುಲು ನಾಯ್ಡು ಅವರ ಪತ್ನಿ, ಕವಯಿತ್ರಿ ಸರೋಜಿನಿ ನಾಯ್ಡು ಒಬ್ಬರು; ನದಿಯ ಉತ್ತರಕ್ಕಿರುವ ಅಬಿಡ್ಸ್–ನಾಂಪಲ್ಲಿ ಭಾಗದ ‘ಗೋಲ್ಡನ್ ಥ್ರೆಶೋಲ್ಡ್’ ಮನೆ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ನೆರೆ ಪರಿಹಾರದ ಸೇವೆಗಾಗಿ ಸರೋಜಿನಿ ಅವರಿಗೆ ಕೈಸರ್-ಇ-ಹಿಂದ್ ಪದಕ ಸಂದಿತು. ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ಬಳಿಕ ಅವರು ಅದನ್ನು ಹಿಂದಿರುಗಿಸಿದರು.

ಮುನ್ನೆಚ್ಚರಿಕೆಯ ಕಾಮಗಾರಿ

ನೆರೆ ನಿಯಂತ್ರಣದ ಯೋಜನೆಗಾಗಿ 1909ರಲ್ಲಿ ಮೈಸೂರು ಸೀಮೆಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯ ಅವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಜಲಾಶಯಗಳು ಮೂಡಿದವು. ನಾಶವಾದ ಅಫ್ಜಲ್‌ಗಂಜ್ ಆಸ್ಪತ್ರೆಯ ಬದಲಿಗೆ ವಾಸ್ತುಶಿಲ್ಪಿ ವಿನ್ಸೆಂಟ್ ಎಶ್ ವಿನ್ಯಾಸಗೊಳಿಸಿದ ಉಸ್ಮಾನಿಯಾ ಆಸ್ಪತ್ರೆ ಮೂಸಿ ದಡದಲ್ಲಿ ತಲೆಯೆತ್ತಿತು. ಅಂದು ನಿಜಾಮನ ಆಡಳಿತದಲ್ಲಿದ್ದ ಗುಲ್ಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡಿಗರಿಗೂ ಹೈದರಾಬಾದೇ ರಾಜಧಾನಿಯಾಗಿತ್ತು.

ಸಂಘಟಿತ ಸೇವೆ

1920ರಲ್ಲಿ ಭಾರತೀಯ ರೆಡ್‌ಕ್ರಾಸ್ ಸಂಸ್ಥೆ ಸ್ಥಾಪನೆಯಾದ ಮೇಲೆ ಬಿಡಿಬಿಡಿ ಪ್ರಯತ್ನಗಳಿಗೆ ದೇಶವ್ಯಾಪಿ ಚೌಕಟ್ಟು ದೊರೆಯಿತು. ಚಿಕಿತ್ಸಾ ಕ್ರಮದಲ್ಲಿ ದೊಡ್ಡ ತಿರುವು ಬಂದದ್ದು 1971ರಲ್ಲಿ. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರಾವಣ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಸಕ್ಕರೆ ದ್ರಾವಣವನ್ನು ಕುಡಿಸಲು ಮುಂದಾದರು. ಅದನ್ನು ರೋಗಿಯ ಮನೆಯವರೇ ಕುಡಿಸಬಹುದಾಗಿತ್ತು. ಶಿಬಿರದ ಸಾವಿನ ಪ್ರಮಾಣ ಸುಮಾರು ಶೇ. 30ರಿಂದ 3.6ಕ್ಕೆ ಇಳಿಯಿತು. ಇಂದಿಗೂ ನೆರೆ ಶಿಬಿರಗಳಿಗೆ ಹೊರಡುವ ವೈದ್ಯರು ಸಾಮಾನ್ಯವಾಗಿ ಇಂಥ ದ್ರಾವಣದ ಓಆರ್‌ಎಸ್ ಪೊಟ್ಟಣಗಳನ್ನು ಒಯ್ಯುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪರಿಹಾರ ಕಾರ್ಯಕ್ಕೆ ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ಪ್ರಾಧಿಕಾರಗಳನ್ನು ಕಲ್ಪಿಸಿತು.

ಇತ್ತೀಚಿನ ಅನುಭವ

ಕೋವಿಡ್ ಹಬ್ಬಿದ್ದ 2020ರ ಜುಲೈನಲ್ಲಿ ಉಸ್ಮಾನಿಯಾದ ಹಳೆಯ ಕಟ್ಟಡದ ವಾರ್ಡುಗಳಿಗೆ ಮಳೆನೀರು ನುಗ್ಗಿ, ಆ ಕಟ್ಟಡವನ್ನು ಮುಚ್ಚಬೇಕಾಯಿತು. ಅಕ್ಟೋಬರಿನಲ್ಲಿ ನಗರವೇ ಮತ್ತೆ ಜಲಾವೃತವಾಯಿತು. ಅದೇ ತಿಂಗಳು ಭೀಮಾ ನದಿ ಉಕ್ಕಿ ಕಲಬುರಗಿ ಜಿಲ್ಲೆಯ ಹಳ್ಳಿಗಳೂ ಮುಳುಗಿದವು. ವೈದ್ಯರ ಸೇವಾಮನೋಭಾವ ಎಷ್ಟೇ ದೊಡ್ಡದಾದರೂ ಆಸ್ಪತ್ರೆ ಸುರಕ್ಷಿತವಾಗಿರದಿದ್ದರೆ ಅದು ಜನರನ್ನು ಪೂರ್ತಿ ತಲುಪಲಾರದು ಎಂಬುದನ್ನು 1908 ಮತ್ತು 2020 ಎರಡೂ ತೋರಿಸಿವೆ. ಅಬಿಡ್ಸ್‌ಗೆ ಸಮೀಪದ ಗೋಶಾಮಹಲ್‌ನಲ್ಲಿ ಉಸ್ಮಾನಿಯಾದ ಹೊಸ ಆಸ್ಪತ್ರೆಗೆ 2025ರ ಜನವರಿ 31ರಂದು ಶಂಕುಸ್ಥಾಪನೆ ನೆರವೇರಿತು.